ಅಡಿಕೆಯ ಕೊಳೆರೋಗವೂ ಅದರ ನಿವಾರಣೆಯೂ

ಬೆಟ್ಟಂಪಾಡಿ ಮೊದಲಾದ ಪುತ್ತೂರು ಸೀಮೆಯ ಗ್ರಾಮಗಳಲ್ಲಿ ಅಡಿಕೆಯೇ ಅನೇಕ ಹಿಡುವಳಿದಾರರ ಜೀವನಾಧಾರವು. ಮಳೆಗಾಲದಲ್ಲಿ ಎಳೆಗಾಯಿಗಳು ಕೊಳೆತು ಉದುರುವುದನ್ನು ಕೆಲವರು ಮಹಾಳಿ ಎಂದೂ, ಕೆಲವರು ಕೊಳೆರೋಗವೆಂದೂ ಕರೆಯುವರು. ಇದನ್ನು ದೈವದ ಮುನಿಸೆಂದು ತಿಳಿದು ಸುಮ್ಮನಿರತಕ್ಕದ್ದಲ್ಲ.

ಕೆನಡಾ ದೇಶದ ಲೆಸ್ಲಿ ಕೋಲ್ಮನ್ ಎಂಬ ವಿದ್ವಾಂಸರು 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದು, ಮಲೆನಾಡಿನ ತೋಟಗಳಲ್ಲಿ ಈ ರೋಗವನ್ನು ಪರಿಶೀಲಿಸಿ, 1910ರಲ್ಲಿ ತಮ್ಮ ವರದಿಯನ್ನು ಪ್ರಕಟಿಸಿದರು. ರೋಗಕ್ಕೆ ಕಾರಣವು ಫೈಟೋಫ್ತೋರ ಎಂಬ, ಬೂಷ್ಟನ್ನು ಹೋಲುವ ಸೂಕ್ಷ್ಮಜೀವಿ. ಅದರ ಬೀಜಾಣುಗಳು ನೀರಿನಲ್ಲಿ ಈಜಬಲ್ಲವು. ಮಳೆಹನಿಯೂ ಗಾಳಿಯೂ ಅವನ್ನು ಗೊನೆಯಿಂದ ಗೊನೆಗೆ, ತೋಟದಿಂದ ತೋಟಕ್ಕೆ ಒಯ್ಯುವುವು. ಸುಳಿಗೆ ತಗುಲಿದರೆ ಮರವೇ ಸಾಯಬಹುದು.

ನಮ್ಮ ಹಿರಿಯರು ಹಾಳೆಯ ಕೊಟ್ಟೆಯನ್ನು ಗೊನೆಗೆ ಕಟ್ಟಿ ಮಳೆನೀರನ್ನು ತಡೆಯುತ್ತಿದ್ದರು. ಅದು ಯುಕ್ತವಾದ ಕ್ರಮವೇ. ಔಷಧದ ಮಾರ್ಗವು ಫ್ರಾನ್ಸಿನಿಂದ ಬಂದಿತು. ಅಲ್ಲಿನ ಬೋರ್ಡೊ ವಿಶ್ವವಿದ್ಯಾಲಯದ ಪ್ರೊಫೆಸರ್ ಮಿಲಾರ್ಡೆಯವರು, ಕಳ್ಳರನ್ನು ದೂರವಿಡಲು ದಾರಿಬದಿಯ ದ್ರಾಕ್ಷಿಗೆ ಬಳಿದಿದ್ದ ಮೈಲುತುತ್ತ ಸುಣ್ಣಗಳ ಮಿಶ್ರಣವು ಬಳ್ಳಿಯ ರೋಗವನ್ನೂ ತಡೆದುದನ್ನು ಕಂಡು, ಪರೀಕ್ಷಿಸಿ, 1885ರಲ್ಲಿ ಪ್ರಕಟಿಸಿದರು. ಅದೇ ಬೋರ್ಡೊ ದ್ರಾವಣವು.

ತಯಾರಿಸುವ ಕ್ರಮ: ಒಂದು ಕಿಲೋ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ ಕರಗಿಸಿರಿ. ಒಂದು ಕಿಲೋ ಒಳ್ಳೆಯ ಸುಟ್ಟ ಸುಣ್ಣವನ್ನು ಬೇರೆ ಪಾತ್ರೆಯಲ್ಲಿ ಅರಳಿಸಿ, 50 ಲೀಟರ್ ನೀರು ಮಾಡಿ ಸೋಸಿರಿ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಮೆಲ್ಲನೆ ಹೊಯ್ಯುತ್ತ ಕಲಕಿರಿ. ಕಬ್ಬಿಣದ ಪಾತ್ರೆ ಕೂಡದು. ಹೊಳೆಯುವ ಚೂರಿಯನ್ನು ಅದ್ದಿದಾಗ ಕೆಂಪು ತಾಮ್ರ ಅಂಟಿದರೆ ಸುಣ್ಣವು ಸಾಲದೆಂದು ತಿಳಿಯತಕ್ಕದ್ದು. ಮಾಡಿದ ದಿನವೇ ಸಿಂಪಡಿಸಬೇಕು.

ಮುಖ್ಯವಾಗಿ ಗಮನಿಸತಕ್ಕ ಅಂಶವೇನೆಂದರೆ, ಈ ಔಷಧವು ಕಾಯಿಯ ಮೇಲೆ ಕಾವಲಾಗಿರುವುದೇ ಹೊರತು ಒಳಹೊಕ್ಕ ರೋಗವನ್ನು ಗುಣಪಡಿಸದು. ಆದುದರಿಂದ ಮುಂಗಾರು ಹಿಡಿಯುವ ಮೊದಲೇ ಒಂದು ಸಲ, ಆಮೇಲೆ 40-45 ದಿವಸಗಳಲ್ಲಿ ಮಳೆ ಬಿಡುವಿತ್ತಾಗ ಇನ್ನೊಂದು ಸಲ ಗೊನೆಗಳು ಪೂರ್ತಿ ನೆನೆಯುವಂತೆ ಸಿಂಪಡಿಸತಕ್ಕದ್ದು. ಉದುರಿದ ಕಾಯಿಗಳನ್ನೂ ರೋಗದ ಗೊನೆಗಳನ್ನೂ ಆಯ್ದು ತೋಟದಿಂದ ಹೊರಗೆ ಸುಡಬೇಕು.

ಒಬ್ಬನು ಸಿಂಪಡಿಸಿ, ಪಕ್ಕದವನು ಕೊಳೆತ ಕಾಯಿಗಳನ್ನು ಬುಡದಲ್ಲಿಯೇ ಬಿಟ್ಟರೆ, ಇಬ್ಬರಿಗೂ ನಷ್ಟವು. ಬೇಲಿ ದನವನ್ನು ತಡೆಯುವುದು, ಬೀಜಾಣುವನ್ನಲ್ಲ. ಆಳು, ಏಣಿ, ಪಂಪು ಇಲ್ಲದ ಬಡ ಹಿಡುವಳಿದಾರನ ತೋಟವನ್ನು ಬಿಟ್ಟುಬಿಡದೆ, ಗ್ರಾಮದ ಮುಖಂಡರು ಮೇ ತಿಂಗಳಲ್ಲಿಯೇ ಎಲ್ಲರನ್ನೂ ಕೂಡಿಸಿ ಸರದಿಯನ್ನು ಗೊತ್ತುಮಾಡುವುದು ಉಚಿತವು. ಸಂದೇಹವುಳ್ಳವರಿಗೆ ಸಮೀಪದ ವಿಟ್ಲದಲ್ಲಿ ಅಡಿಕೆಯ ಸಂಶೋಧನಾ ಕೇಂದ್ರವಿರುವುದು. ವಿದ್ಯಾಲಯದಲ್ಲಿ ಕಂಡುಹಿಡಿದ ವಿದ್ಯೆಯು ತೋಟದಲ್ಲಿ ಸಕಾಲಕ್ಕೆ ನಡೆದರೆ ಮಾತ್ರ ಫಲಕಾರಿಯು.