ದೂಧ್‌ಸಾಗರ್: ಕಿಟಕಿಯಿಂದ ನೋಡಿದರೇ ಚೆಂದ

ಮಳೆಗಾಲ ಕಾಲಿಟ್ಟಿತೆಂದರೆ ಮುಂಬಯಿ, ಪುಣೆಯ ಕನ್ನಡ ಸಂಘಗಳಲ್ಲಿ ವಿಹಾರಕೂಟದ ಮಾತು ಏಳುವುದು ವಾಡಿಕೆ. ಲೋನಾವಳಾ, ಖಂಡಾಳಾ, ಮಾಳ್ಶೇಜ್ ಘಾಟ್ ಎಂದೆಲ್ಲ ಚರ್ಚೆ ನಡೆದ ಮೇಲೆ ಯುವ ವಿಭಾಗದ ಯಾರಾದರೊಬ್ಬರು "ಈ ಸಲ ದೂಧ್‌ಸಾಗರ್‌ಗೆ ಹೋಗೋಣ" ಎನ್ನುತ್ತಾರೆ. ಮೊಬೈಲಿನ ವಿಡಿಯೋ ಒಂದು ಕೈಯಿಂದ ಕೈಗೆ ದಾಟುತ್ತದೆ. ಅದರಲ್ಲಿ ಹಸಿರು ಬೆಟ್ಟ, ಅದರ ಮೈಮೇಲೆ ಹಾಲು ಚೆಲ್ಲಿದಂತೆ ಇಳಿಯುವ ನೀರು, ನೀರಿನ ನಡುವೆಯೇ ಸೇತುವೆಯ ಮೇಲೆ ಮೆಲ್ಲನೆ ಸಾಗುವ ರೈಲು. ನೋಡಿದವರಿಗೆಲ್ಲ ಅಂದೇ ಹೊರಡುವ ಆಸೆ. ಆದರೆ ವಿಡಿಯೋದಲ್ಲಿ ಕಾಣಿಸದ ಕೆಲವು ಸಂಗತಿಗಳಿವೆ. ಅವನ್ನು ತಿಳಿಯದೆ ಟಿಕೆಟು ಕಾದಿರಿಸಿದರೆ ಜಲಪಾತವನ್ನು ಕಾಣದೆ ಮರಳಬೇಕಾದೀತು. ಪ್ರಾಣಕ್ಕೇ ಸಂಚಕಾರ ಬಂದರೂ ಬರಬಹುದು.

ಗೋವಾ ಮತ್ತು ಕರ್ನಾಟಕದ ಗಡಿಯಲ್ಲಿ, ಪಶ್ಚಿಮ ಘಟ್ಟದ ದಟ್ಟ ಕಾಡಿನ ನಡುವೆ, ಗೋವಾದ ಕಡೆಯಲ್ಲಿ ಈ ಜಲಪಾತವಿದೆ. ಸುಮಾರು 310 ಮೀಟರ್, ಅಂದರೆ ಸಾವಿರ ಅಡಿಗೂ ಮಿಕ್ಕಿದ ಎತ್ತರ. ನಮ್ಮ ಜೋಗದಲ್ಲಿ ರಾಜ ಒಂದೇ ಧಾರೆಯಾಗಿ ಆಳಕ್ಕೆ ಧುಮುಕುತ್ತಾನೆ. ಇಲ್ಲಿ ಹಾಗಲ್ಲ. ನೀರು ಬಂಡೆಯ ಮೆಟ್ಟಿಲುಗಳ ಮೇಲೆ ಬಡಿದು, ಒಡೆದು, ಗಾಳಿಯೊಡನೆ ಬೆರೆತು ಹಂತ ಹಂತವಾಗಿ ಇಳಿಯುತ್ತದೆ. ಬಂಡೆಯ ಮೇಲೆ ಹಾಗೆ ನೊರೆಯೇಳುವುದರಿಂದಲೇ ಅದಕ್ಕೆ ಹಾಲಿನ ಬಣ್ಣ. ಕೆಳಗೆ ಹರಿದ ನೀರು ಖಾಂಡೇಪಾರ ನದಿಯಾಗಿ ಮುಂದೆ ಮಾಂಡೋವಿಯನ್ನು ಸೇರುತ್ತದೆ. ದಾರಿಯಲ್ಲಿ ಓಪಾ ಎಂಬಲ್ಲಿ ಈ ನದಿಯ ನೀರನ್ನೇ ಶುದ್ಧೀಕರಿಸಿ ಪಣಜಿ, ಪೋಂಡಾ ಕಡೆಯವರಿಗೆ ಕುಡಿಯಲು ಕೊಡಲಾಗುತ್ತದೆ. ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನಲ್ಲಿ ಹುಟ್ಟಿ ಎರಡು ರಾಜ್ಯಗಳ ನಡುವೆ ದಶಕಗಳಿಂದ ವ್ಯಾಜ್ಯಕ್ಕೆ ಕಾರಣವಾಗಿರುವ ಮಹದಾಯಿಯೇ ಗೋವಾದವರ ಬಾಯಲ್ಲಿ ಮಾಂಡೋವಿ ಎಂಬುದನ್ನು ಇಲ್ಲಿ ನೆನಪಿಸಬಹುದು.

ಹೆಸರಿನ ಬಗ್ಗೆ ಸ್ಥಳೀಯರಲ್ಲಿ ಒಂದು ಕತೆಯಿದೆ. ಬೆಟ್ಟದ ಮೇಲಿನ ಕೊಳದಲ್ಲಿ ರಾಜಕುಮಾರಿಯೊಬ್ಬಳು ಸ್ನಾನ ಮುಗಿಸಿ ಬಂಗಾರದ ಹೂಜಿಯಿಂದ ಹಾಲು ಕುಡಿಯುತ್ತಿದ್ದಳಂತೆ. ಮರದ ಮರೆಯಲ್ಲಿ ರಾಜಕುಮಾರನೊಬ್ಬ ನಿಂತು ನೋಡುತ್ತಿರುವುದು ಕಂಡು, ನಾಚಿ, ಹೂಜಿಯ ಹಾಲನ್ನೆಲ್ಲ ಮುಂದಕ್ಕೆ ಸುರಿದು ಅದನ್ನೇ ಪರದೆ ಮಾಡಿಕೊಂಡಳಂತೆ. ಮಕ್ಕಳಿಗೆ ರೈಲಿನಲ್ಲಿ ಹೇಳಲು ಒಳ್ಳೆಯ ಕತೆ.

ಇನ್ನು ದಾರಿಯ ವಿಷಯ. ಮುಂಬಯಿ ಕನ್ನಡಿಗರಲ್ಲಿ ಹಲವರಿಗೆ ಇಲ್ಲೊಂದು ತಪ್ಪು ಕಲ್ಪನೆಯಿದೆ. ಊರಿಗೆ ಹೋಗುವಾಗ ಮತ್ಸ್ಯಗಂಧದ ಕಿಟಕಿಯಿಂದ ಕಾಣುವ ಹತ್ತಾರು ಝರಿಗಳಲ್ಲಿ ಒಂದು ದೂಧ್‌ಸಾಗರ್ ಇರಬೇಕೆಂದು ಅವರು ತಿಳಿದಿದ್ದಾರೆ. ಹಾಗಿಲ್ಲ. ಕೊಂಕಣ ರೈಲು ಮಡಗಾಂವ್ ಮೂಲಕ ಕರಾವಳಿಯಲ್ಲಿ ಸಾಗುತ್ತದೆ. ಜಲಪಾತ ಇರುವುದು ಲೋಂಡಾದಿಂದ ಘಟ್ಟವಿಳಿದು ಮಡಗಾಂವ್, ವಾಸ್ಕೋ ಕಡೆಗೆ ಹೋಗುವ ಹಳೆಯ ಮಾರ್ಗದಲ್ಲಿ. ಪುಣೆ, ಮೀರಜ್, ಬೆಳಗಾವಿ ಮೂಲಕ ಸಾಗುವ ಗೋವಾ ಎಕ್ಸ್‌ಪ್ರೆಸ್‌ನಂತಹ ಗಾಡಿಗಳೇ ಅದನ್ನು ದಾಟುವುದು. ಅದರಲ್ಲೂ ಗಾಡಿ ಆ ಜಾಗವನ್ನು ಹಗಲಿನಲ್ಲಿ ದಾಟುತ್ತದೆಯೇ ಎಂದು ವೇಳಾಪಟ್ಟಿ ನೋಡಿಕೊಂಡೇ ಟಿಕೆಟು ತೆಗೆಯಬೇಕು. ಹೋಗುವಾಗ ಕತ್ತಲಲ್ಲಿ ದಾಟುವ ಗಾಡಿ ಬರುವಾಗ ಹಗಲಲ್ಲಿ ದಾಟುವುದುಂಟು. ಇಡೀ ಬಳಗ ಗೊರಕೆ ಹೊಡೆಯುತ್ತಿರುವಾಗ ಜಲಪಾತ ಹಿಂದೆ ಉಳಿದರೆ ಸಂಚಾಲಕರು ಮುಂದಿನ ವಾರ್ಷಿಕ ಸಭೆಯ ತನಕ ಮಾತು ಕೇಳಬೇಕಾಗುತ್ತದೆ!

ಈ ಹಳಿಗೆ ದೊಡ್ಡ ಇತಿಹಾಸವಿದೆ. ಪೋರ್ಚುಗೀಸರ ಮುರ್ಮುಗಾಂವ್ ಬಂದರನ್ನು ಬ್ರಿಟಿಷ್ ಭಾರತಕ್ಕೆ ಜೋಡಿಸಲು ಹಾಕಿದ ಮಾರ್ಗವಿದು. 1888ರಲ್ಲಿ ಘಟ್ಟದ ಭಾಗ ಪೂರ್ಣವಾಯಿತು. ಉತ್ತರ ಕನ್ನಡ ಜಿಲ್ಲೆಯ ಜೋಯಿಡಾ ತಾಲ್ಲೂಕಿನ ಕ್ಯಾಸಲ್‌ರಾಕ್ ಗಡಿಯ ನಿಲ್ದಾಣವಾಗಿತ್ತು. 1961ರಲ್ಲಿ ಗೋವಾ ವಿಮೋಚನೆಯಾಗುವವರೆಗೆ ಅಲ್ಲಿಂದ ಆಚೆ ಬೇರೆ ದೇಶ. ಕ್ಯಾಸಲ್‌ರಾಕ್‌ನಿಂದ ಕುಳೆಯವರೆಗಿನ ಸುಮಾರು 26 ಕಿ.ಮೀ. ಇಳಿಜಾರು ದೇಶದ ಕಡಿದಾದ ರೈಲು ಘಟ್ಟಗಳಲ್ಲಿ ಒಂದು. 37 ಅಡಿ ಮುಂದೆ ಹೋದರೆ ಒಂದು ಅಡಿ ಇಳಿತ. ಹಾಗಾಗಿ ಇಳಿಯುವ ಮೊದಲು ಕ್ಯಾಸಲ್‌ರಾಕ್‌ನಲ್ಲಿ ಗಾಡಿಯ ಬ್ರೇಕ್ ಪರೀಕ್ಷೆ ಆಗಲೇಬೇಕು. ಏರುವಾಗ ಹೆಚ್ಚುವರಿ ಇಂಜಿನ್ ಜೋಡಿಸುತ್ತಾರೆ. ಕಾಡಿನಲ್ಲಿ ಸುರಂಗದಿಂದ ಸುರಂಗಕ್ಕೆ ನುಗ್ಗುತ್ತಾ, ಕರಂಜೋಳ್ ಮತ್ತು ದೂಧ್‌ಸಾಗರ್ ನಿಲ್ದಾಣಗಳನ್ನು ಹಿಂದಿಕ್ಕಿದ ಮೇಲೆ ಒಮ್ಮೆಲೇ ಗಾಡಿಯ ಸದ್ದನ್ನು ಮುಚ್ಚುವಂತಹ ಭೋರ್ಗರೆತ ಕೇಳಿಸುತ್ತದೆ. ಸೇತುವೆಯ ಮೇಲೆ ತುಂತುರು ಕಿಟಕಿಯೊಳಗೇ ಬಂದು ಮುಖ ತೋಯಿಸುತ್ತದೆ. ಅಲ್ಲಿ ಕಾಣುವುದು ನೀರಿನ ಒಂದು ತುಂಡು ಮಾತ್ರ. ಗಾಡಿ ಸೇತುವೆ ದಾಟಿ ಸೋನಾವಳಿ ಕಡೆಗೆ ತಿರುಗಿದ ಬಳಿಕ ಕಣಿವೆಯ ಆಚೆ ತುದಿಯಿಂದ ಬುಡದವರೆಗೆ ಇಡೀ ಜಲಪಾತ, ಅದರ ನಡುವಿನಲ್ಲಿ ಈಗಷ್ಟೇ ದಾಟಿ ಬಂದ ಸೇತುವೆ, ಒಟ್ಟಾಗಿ ಕಣ್ಣ ಮುಂದೆ ನಿಲ್ಲುತ್ತವೆ. ಮೊದಲ ಬಾರಿ ನೋಡಿದವರು ಸೇತುವೆಯ ಮೇಲೆಯೇ ಫೋಟೊ ತೆಗೆದು ಮುಗಿಸಿ, ಈ ದೃಶ್ಯ ಬರುವಾಗ ಮೊಬೈಲ್ ಒರೆಸುತ್ತಾ ಕುಳಿತಿರುತ್ತಾರೆ.

2013ರಲ್ಲಿ ತೆರೆಕಂಡ 'ಚೆನ್ನೈ ಎಕ್ಸ್‌ಪ್ರೆಸ್' ಹಿಂದಿ ಚಿತ್ರದಲ್ಲಿ ಗಾಡಿ ನಿಲ್ಲುವುದು ಇದೇ ಜಲಪಾತದ ಎದುರು. ಅದರ ನಿರ್ದೇಶಕ ರೋಹಿತ್ ಶೆಟ್ಟಿ, ಹಿಂದಿ ಚಿತ್ರರಂಗದಲ್ಲಿ ಹೆಸರು ಮಾಡಿದ್ದ ನಮ್ಮ ಕರಾವಳಿ ಮೂಲದ ಸಾಹಸ ಕಲಾವಿದ ಎಂ.ಬಿ. ಶೆಟ್ಟಿ ಅವರ ಪುತ್ರ. ಚಿತ್ರ ನೋಡಿ ಸಿನಿಮಾದ ನಾಯಕಿಯಂತೆ ತಾವೂ ಅಲ್ಲಿ ಇಳಿಯಬೇಕೆಂದು ಹೊರಟವರು ಸಾವಿರಾರು. ಕ್ಯಾಸಲ್‌ರಾಕ್ ಅಥವಾ ಕುಳೆಯಿಂದ ಹಳಿಯ ಗುಂಟ ನಡೆದೇ ಹೋಗುವ ಚಾರಣ ಪುಣೆ, ಬೆಂಗಳೂರು, ಹುಬ್ಬಳ್ಳಿಯ ಯುವಕರಿಗೆ ಚಟವಾಗಿಬಿಟ್ಟಿತು.

ತೊಂದರೆ ಇರುವುದು ಇಲ್ಲಿಯೇ. ಸುರಂಗದೊಳಗೆ ನಡೆಯುವಾಗ ಗಾಡಿ ಬಂದರೆ ಗೋಡೆಗೆ ಅಂಟಿಕೊಂಡು ನಿಲ್ಲಬೇಕು. ಜಲಪಾತದ ಭೋರ್ಗರೆತದಲ್ಲಿ ಹಾರ್ನ್ ಕೇಳಿಸುವುದಿಲ್ಲ. ಕಲ್ಲುಗಳ ಮೇಲೆ ಪಾಚಿ. 2023ರ ಜುಲೈ ತಿಂಗಳ ಒಂದು ಭಾನುವಾರ ನೂರಾರು ಮಂದಿ ಹೀಗೆ ಬಂದಿಳಿದಾಗ ರೈಲ್ವೆ ಪೊಲೀಸರು ತಡೆದರು. ಕೆಲವರಿಗೆ ಹಳಿಯ ಪಕ್ಕದಲ್ಲೇ ಬಸ್ಕಿ ಹೊಡೆಸಿದ ದೃಶ್ಯ ದೇಶವೆಲ್ಲ ಹರಿದಾಡಿತು. ಬಸ್ಕಿ ಹೊಡೆಸಿದ್ದು ಸರಿಯೇ ಎಂದು ಚರ್ಚೆ ಮಾಡಿದವರಿದ್ದಾರೆ. ಹಳಿಯ ಮೇಲೆ ನಡೆಯುವುದು ರೈಲ್ವೆ ಕಾಯ್ದೆಯಡಿ ಅಪರಾಧ ಎಂಬುದರಲ್ಲಿ ಮಾತ್ರ ಚರ್ಚೆಗೆ ಎಡೆಯಿಲ್ಲ. ಜಲಪಾತವನ್ನು ಗಾಡಿಯೊಳಗಿಂದಲೇ ಸವಿಯಿರಿ ಎಂದು ನೈಋತ್ಯ ರೈಲ್ವೆ ಆಗ ಬಹಿರಂಗವಾಗಿ ವಿನಂತಿಸಿಕೊಂಡಿತು. ಅದೇ ತಿಂಗಳು ಗೋವಾ ಅರಣ್ಯ ಇಲಾಖೆಯೂ ಕಾಡಿನ ಜಲಪಾತಗಳಿಗೆ ಪ್ರವೇಶ ನಿರ್ಬಂಧಿಸಿತು.

ಮಳೆಗಾಲದ ನೀರಿನ ರಭಸ ಮುಂಬಯಿಗರಿಗೆ ಹೊಸದಲ್ಲ. 2024ರ ಜೂನ್ 30ರಂದು ಲೋನಾವಳಾದ ಭೂಶಿ ಅಣೆಕಟ್ಟಿನ ಹಿಂಬದಿಯ ಝರಿಯಲ್ಲಿ ಒಂದೇ ಕುಟುಂಬದ ಐವರು ಕೊಚ್ಚಿಹೋದದ್ದನ್ನು ಇಲ್ಲಿ ಯಾರೂ ಮರೆತಿರಲಾರರು. ಮೊಣಕಾಲು ಮುಳುಗುವಷ್ಟಿದ್ದ ನೀರು ನಿಮಿಷಗಳಲ್ಲಿ ಏರುತ್ತದೆ. ಮೇಲಿನ ಕಾಡಿನಲ್ಲಿ ಸುರಿದ ಮಳೆ ಕೆಳಗೆ ನಿಂತವರಿಗೆ ತಿಳಿಯುವುದಿಲ್ಲ.

ದೂಧ್‌ಸಾಗರ್ ಘಟ್ಟವೇ ಒಮ್ಮೆ ಮುಂಬಯಿ ಕನ್ನಡಿಗರ ಗಾಡಿಯನ್ನು ತಡೆದಿದೆ. 2021ರ ಜುಲೈಯಲ್ಲಿ ಚಿಪಳೂಣ ಬಳಿ ವಾಶಿಷ್ಠಿ ನದಿ ಉಕ್ಕಿ ಕೊಂಕಣ ಮಾರ್ಗ ಬಂದ್ ಆದಾಗ ಮಂಗಳೂರಿನಿಂದ ಮುಂಬಯಿಗೆ ಹೊರಟಿದ್ದ ವಿಶೇಷ ಗಾಡಿಯನ್ನು ಮಡಗಾಂವ್, ಲೋಂಡಾ, ಮೀರಜ್ ಮಾರ್ಗವಾಗಿ ತಿರುಗಿಸಲಾಗಿತ್ತು. ಜುಲೈ 23ರಂದು ದೂಧ್‌ಸಾಗರ್ ಮತ್ತು ಸೋನಾವಳಿ ನಡುವೆ ಗುಡ್ಡ ಕುಸಿದು ಅದರ ಇಂಜಿನ್ ಹಾಗೂ ಮುಂದಿನ ಬೋಗಿ ಹಳಿ ತಪ್ಪಿದವು. ದೈವದಯೆಯಿಂದ ಪ್ರಾಣಹಾನಿ ಆಗಲಿಲ್ಲ. ಪ್ರಯಾಣಿಕರನ್ನು ಕುಳೆಗೆ ಮರಳಿ ಒಯ್ಯಲಾಯಿತು. 2024ರ ಆಗಸ್ಟ್‌ನಲ್ಲಿ ಇದೇ ಘಟ್ಟದಲ್ಲಿ ಗೂಡ್ಸ್ ಗಾಡಿಯೊಂದು ಹಳಿ ತಪ್ಪಿತು. ಮಳೆಗಾಲದಲ್ಲಿ ಇಲ್ಲಿ ಪ್ರವಾಸ ಯೋಜಿಸುವವರು ಸೋಮವಾರದ ಹಾಜರಿಯನ್ನು ನಂಬಿ ಕೂರದೆ ಕೈಯಲ್ಲಿ ಒಂದು ದಿನ ಹೆಚ್ಚು ಇಟ್ಟುಕೊಳ್ಳುವುದು ಜಾಣತನ.

ಜಲಪಾತವನ್ನು ಬುಡದಲ್ಲಿ ನಿಂತೇ ನೋಡಬೇಕೆನ್ನುವವರಿಗೂ ದಾರಿಯಿದೆ. ಮಳೆ ನಿಂತ ಮೇಲೆ, ಸಾಮಾನ್ಯವಾಗಿ ಅಕ್ಟೋಬರ್‌ನಿಂದ ಮೇ ತನಕ, ಕುಳೆಯಿಂದ ಪರವಾನಿಗೆ ಪಡೆದ ಜೀಪುಗಳು ಕಾಡಿನೊಳಗೆ ಹೋಗುತ್ತವೆ. ಮುಂಬಯಿಯಿಂದ ಹೊರಡುವವರು ಕೊಂಕಣ ರೈಲಿನಲ್ಲಿ ಮಡಗಾಂವ್‌ಗೆ ಬಂದು ಅಲ್ಲಿಂದ ಕುಳೆಗೆ ರಸ್ತೆಯಲ್ಲಾಗಲಿ, ಲೋಕಲ್ ಗಾಡಿಯಲ್ಲಾಗಲಿ ತಲುಪಬಹುದು. ಜೀಪು ಹಳ್ಳಗಳ ನೀರಿನಲ್ಲೇ ಇಳಿದು ಏರುತ್ತಾ ಸಾಗುತ್ತದೆ. ಬೆನ್ನುನೋವಿನವರಿಗೆ ಇದು ತುಸು ಕಷ್ಟವೇ. ಜೀಪು ನಿಂತಲ್ಲಿಂದ ಬಂಡೆಗಳ ನಡುವೆ ನಡೆಯಬೇಕು. ಮೊಣಕಾಲು ನೋವಿನ ಹಿರಿಯರು ಮಕ್ಕಳ ಒತ್ತಾಯಕ್ಕೆ ಕಟ್ಟುಬಿದ್ದು ಹೊರಡದಿರುವುದು ಮೇಲು. ಲೈಫ್ ಜಾಕೆಟ್ ಕಡ್ಡಾಯ. ತಿಂಡಿಯ ಪೊಟ್ಟಣ ಕೈಯಲ್ಲಿ ಕಂಡರೆ ಮಂಗಗಳು ಬಿಡುವುದಿಲ್ಲ. ಜೀಪು ಬಿಟ್ಟರೆಂದ ಮಾತ್ರಕ್ಕೆ ಅಪಾಯ ಕಳೆಯಿತು ಎನ್ನುವಂತೆಯೂ ಇಲ್ಲ. 2022ರ ಅಕ್ಟೋಬರ್‌ನಲ್ಲಿ ಹಠಾತ್ ನೆರೆಗೆ ಜಲಪಾತದ ಬಳಿಯ ತೂಗುಸೇತುವೆ ಕೊಚ್ಚಿಹೋಗಿ, ಆಚೆ ದಡದಲ್ಲಿ ಸಿಲುಕಿದ್ದ ನಲ್ವತ್ತಕ್ಕೂ ಹೆಚ್ಚು ಪ್ರವಾಸಿಗರನ್ನು ಜೀವರಕ್ಷಕರು ದಾಟಿಸಬೇಕಾಯಿತು.

ಜಲಪಾತದ ಸುತ್ತಲಿನ ಕಾಡಿನ ಕುರಿತೂ ಹೇಳಬೇಕು. ಗೋವಾದ ಕಡೆ ಭಗವಾನ್ ಮಹಾವೀರ ಅಭಯಾರಣ್ಯ ಮತ್ತು ಮೊಲೆಮ್ ರಾಷ್ಟ್ರೀಯ ಉದ್ಯಾನ, ಕರ್ನಾಟಕದ ಕಡೆ ಕಾಳಿ ಹುಲಿ ಸಂರಕ್ಷಿತ ಪ್ರದೇಶ. ಕಾಡುಕೋಣ, ಮಂಗಟ್ಟೆ ಹಕ್ಕಿ, ಕೆಂದಳಿಲು, ಕಾಳಿಂಗ ಸರ್ಪಗಳ ನೆಲೆಯಿದು. ಈ ಕಾಡು ಮಳೆನೀರನ್ನು ಹಿಡಿದಿಟ್ಟು ನಿಧಾನಕ್ಕೆ ಬಿಡುವುದರಿಂದಲೇ ಮಳೆ ಕಳೆದ ಮೇಲೂ ಬಂಡೆಯ ಮೇಲೆ ನೀರಿನ ಎಳೆ ಉಳಿಯುವುದು. ಮುರ್ಮುಗಾಂವ್ ಬಂದರಿನಿಂದ ನಮ್ಮ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಕಡೆಗೆ ಕಲ್ಲಿದ್ದಲು ಹೊತ್ತ ಗಾಡಿಗಳು ಸಾಗುವುದೂ ಇದೇ ಹಳಿಯಲ್ಲಿ. ಘಟ್ಟದಲ್ಲಿ ಇನ್ನೊಂದು ಜೋಡಿ ಹಳಿ ಹಾಕುವ ಯೋಜನೆ ಬಂದಾಗ ಗೋವಾದ ಜನ ಎದ್ದುನಿಂತರು. 2020ರ ನವೆಂಬರ್‌ನಲ್ಲಿ ಚಾಂದೋರ್‌ನಲ್ಲಿ ರಾತ್ರಿಯೆಲ್ಲ ಹಳಿಯ ಬಳಿ ಸೇರಿ ಪ್ರತಿಭಟಿಸಿದರು. ಕ್ಯಾಸಲ್‌ರಾಕ್-ಕುಳೆ ಜೋಡಿಮಾರ್ಗಕ್ಕೆ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿ ಕೊಟ್ಟಿದ್ದ ಒಪ್ಪಿಗೆಯನ್ನು ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ರದ್ದುಪಡಿಸಿತು. ಬಳ್ಳಾರಿ ಕಡೆಯ ಉದ್ಯೋಗಕ್ಕೂ ಈ ಹಳಿ ಬೇಕು, ಪಣಜಿಯ ನಲ್ಲಿಗೂ ಈ ಕಾಡು ಬೇಕು. ಕಿಟಕಿಯ ಹೊರಗೆ ನೋಡುತ್ತಿರುವಾಗ ಎದುರಿನಿಂದ ಗೂಡ್ಸ್ ಬಂದು ದೃಶ್ಯವನ್ನು ಮರೆಮಾಡುವುದಿಲ್ಲವೆಂದರೆ ಅಲ್ಲಿ ಒಂದೇ ಜೋಡಿ ಹಳಿ ಇರುವುದೇ ಕಾರಣ.

ಜೀಪಿನ ಪ್ರವಾಸ ಮಧ್ಯಾಹ್ನಕ್ಕೆ ಮುಗಿದರೆ, ಮೊಲೆಮ್ ಬಳಿಯ ತಾಂಬ್ಡಿ ಸುರ್ಲಾದ ಮಹಾದೇವ ದೇವಾಲಯವನ್ನು ನೋಡದೆ ಬರಬಾರದು. ಗೋವೆಯ ಕದಂಬರ ಕಾಲದ, ಕರಿಕಲ್ಲಿನಲ್ಲಿ ಕಟ್ಟಿದ ಚಿಕ್ಕ ಗುಡಿ. ಪಕ್ಕದಲ್ಲಿ ತೊರೆ, ಸುತ್ತ ಕಾಡು. ಜಲಪಾತದ ಗದ್ದಲದಿಂದ ಬಂದವರು ಗುಡಿಯ ಮೆಟ್ಟಿಲ ಮೇಲೆ ಕುಳಿತು ಬುತ್ತಿಯ ನೆನಪು ಮಾಡಿಕೊಳ್ಳುವ ಹೊತ್ತಿಗೆ ಮಡಗಾಂವ್‌ನಿಂದ ರಾತ್ರಿ ಗಾಡಿ ಹಿಡಿಯುವ ಗಡಿಬಿಡಿ ಆರಂಭವಾಗಿರುತ್ತದೆ.