ಮಾನಿಟರ್ ಕೈಕೊಟ್ಟಿತೇ? ಹೊಸದು ತರೋ ಮುಂಚೆ ಸಿಪಿಯು ಹಿಂಭಾಗ ನೋಡಿ

ತ್ಯಾವಣಿಗೆ: ಬೆಳೆ ವಿಮೆ ಕಟ್ಟಲು ಕೊನೇ ದಿನ. ಆನ್‌ಲೈನ್ ಸೆಂಟರ್ ಮುಂದೆ ಪಹಣಿ, ಆಧಾರ್, ಪಾಸ್‌ಬುಕ್ ಹಿಡಿದು ಜನ ನಿಂತಿರುತ್ತಾರೆ. ಅಂಥ ಹೊತ್ತಲ್ಲೇ ಮಾನಿಟರ್ ಕಪ್ಪಾದರೆ ಅಂಗಡಿ ಬಾಗಿಲು ಹಾಕಿದಂತೆಯೇ. ಗೊಬ್ಬರದ ಅಂಗಡಿ, ಮೆಡಿಕಲ್, ಜೆರಾಕ್ಸ್ ಅಂಗಡಿಗಳ ಬಿಲ್ಲಿಂಗ್ ಕೂಡ ಈಗ ಕಂಪ್ಯೂಟರನ್ನೇ ನಂಬಿಕೊಂಡಿದೆ. ಅವಸರದಲ್ಲಿ ದಾವಣಗೆರೆ ಬಸ್ ಹತ್ತಿ, ಕಡಿಮೆ ರೇಟಿಗೆ ಸಿಕ್ಕಿದ್ದನ್ನು ತಂದು ಬಿಚ್ಚಿ ನೋಡಿದರೆ ಕೇಬಲ್ಲೇ ಕೂರೋದಿಲ್ಲ. ಮತ್ತೆ ಬಸ್ಸು, ಮತ್ತೆ ಒಂದು ದಿನದ ವ್ಯಾಪಾರ ಹಾಳು.

ನಿಜಕ್ಕೂ ಮಾನಿಟರ್ ಕೆಟ್ಟಿದೆಯಾ?

ದುಡ್ಡು ಬಿಚ್ಚುವ ಮೊದಲು ಹತ್ತು ನಿಮಿಷ ಕೊಡಿ. ಪರದೆ ಮೇಲೆ 'ನೋ ಸಿಗ್ನಲ್' ಅಂತ ಅಕ್ಷರ ಬರುತ್ತಿದ್ದರೆ ಮಾನಿಟರ್ ಬಹುತೇಕ ಚೆನ್ನಾಗೇ ಇದೆ ಅಂತ ಅರ್ಥ. ತೊಂದರೆ ಇರೋದು ಕೇಬಲ್‌ನಲ್ಲಿ ಅಥವಾ ಸಿಪಿಯುನಲ್ಲಿ. ಧೂಳು ಕೂತು ರ‍್ಯಾಮ್ ಸರಿಯಾಗಿ ಕಚ್ಚಿಕೊಳ್ಳದಿದ್ದರೂ ಹೀಗೇ ಆಗುತ್ತದೆ. ರ‍್ಯಾಮ್ ತೆಗೆದು ಪೆನ್ಸಿಲ್ ಅಳಿಸೋ ರಬ್ಬರಿನಿಂದ ಅದರ ಹಲ್ಲುಗಳನ್ನು ಉಜ್ಜಿ ಮತ್ತೆ ಕೂರಿಸೋದು ರಿಪೇರಿಯವರು ಮೊದಲು ಮಾಡುವ ಕೆಲಸ.

ಮಾನಿಟರ್ ಲೈಟ್ ಉರಿಯುತ್ತಿದೆ, ಪರದೆ ಮಾತ್ರ ಕಪ್ಪು ಅಂದರೆ ಮೊಬೈಲ್ ಟಾರ್ಚ್ ಹತ್ತಿರ ಹಿಡಿದು ಓರೆಯಾಗಿ ನೋಡಿ. ಮಸುಕಾಗಿ ಚಿತ್ರ ಕಂಡರೆ ಹಿಂದಿನ ಬೆಳಕು, ಅಂದರೆ ಬ್ಯಾಕ್‌ಲೈಟ್ ಹೋಗಿದೆ. ಲೈಟೇ ಉರಿಯದಿದ್ದರೆ ಅಡಾಪ್ಟರ್ ಅಥವಾ ಒಳಗಿನ ಪವರ್ ಬೋರ್ಡ್ ಕಡೆ ಅನುಮಾನ ಪಡಬೇಕು. ನಮ್ಮ ಕಡೆ ಕರೆಂಟ್ ಹೋಗಿ ಬರುವ ಆಟದಲ್ಲಿ ಮೊದಲು ಏಟು ತಿನ್ನೋದು ಇವೇ. ಅಡಾಪ್ಟರ್ ಬದಲಿಸುವಾಗ ಅದರ ಮೇಲೆ ಬರೆದ ವೋಲ್ಟ್ ಹಳೆಯದರಷ್ಟೇ ಇರಬೇಕು, ಆಂಪ್ಸ್ ಅಷ್ಟೇ ಅಥವಾ ಜಾಸ್ತಿ ಇರಬಹುದು. ಪಿನ್ ಕೂರುತ್ತೆ ಅಂತ ಸಿಕ್ಕಿದ್ದನ್ನು ಚುಚ್ಚಬೇಡಿ. ಇನ್ನು ಪರದೆಯೇ ಒಡೆದಿದ್ದರೆ ಅಥವಾ ಉದ್ದುದ್ದ ಗೆರೆ ಬಿದ್ದಿದ್ದರೆ ರಿಪೇರಿ ಆಸೆ ಬಿಟ್ಟುಬಿಡಿ. ಪ್ಯಾನಲ್ ಹಾಕಿಸುವ ಖರ್ಚಿಗೆ ಇನ್ನಷ್ಟು ಸೇರಿಸಿದರೆ ಹೊಸದೇ ಬರುತ್ತದೆ.

ಯಡವಟ್ಟಾಗೋದು ಪೋರ್ಟ್‌ನಲ್ಲಿ

ಹಳೇ ಸಿಪಿಯುಗಳಲ್ಲಿ ನೀಲಿ ಬಣ್ಣದ, 15 ತೂತಿನ ವಿಜಿಎ ಪೋರ್ಟ್ ಇರುತ್ತದೆ. ಈಗ ಬರುವ ಕೆಲವು ಮಾನಿಟರ್‌ಗಳಲ್ಲಿ ವಿಜಿಎ ಇಲ್ಲವೇ ಇಲ್ಲ, ಎಚ್‌ಡಿಎಂಐ ಮಾತ್ರ. 'ಕನ್ವರ್ಟರ್ ಹಾಕಿಕೊಳ್ಳಿ' ಅನ್ನುತ್ತಾರೆ. ಹಾಕಬಹುದು, ಆದರೆ ದಿಕ್ಕು ಗೊತ್ತಿರಬೇಕು. ಸಿಪಿಯುನಲ್ಲಿ ವಿಜಿಎ, ಮಾನಿಟರ್‌ನಲ್ಲಿ ಎಚ್‌ಡಿಎಂಐ ಇದ್ದರೆ ಬೇಕಾದದ್ದು 'ವಿಜಿಎ ಟು ಎಚ್‌ಡಿಎಂಐ'. ಮಾರ್ಕೆಟ್‌ನಲ್ಲಿ ಹೆಚ್ಚು ಸಿಗೋದು ಇದರ ಉಲ್ಟಾ, 'ಎಚ್‌ಡಿಎಂಐ ಟು ವಿಜಿಎ'. ನೋಡಲು ಎರಡೂ ಒಂದೇ ಥರ, ತಿರುಗಿಸಿ ಹಾಕಿದರೆ ಕೆಲಸ ಮಾಡೋದಿಲ್ಲ. ಒಳಗೆ ಚಿಪ್ ಇಲ್ಲದ ಬರೀ ಕೇಬಲ್ ಕೂಡ ಇಲ್ಲಿ ನಡೆಯಲ್ಲ. ಪವರ್‌ಗೆ ಯುಎಸ್‌ಬಿ ತಂತಿ ಇರುವ ಪುಟ್ಟ ಡಬ್ಬಿಯಂಥದ್ದು ಕೇಳಿ ತನ್ನಿ.

ಸೆಕೆಂಡ್‌ಹ್ಯಾಂಡ್ ಆಫೀಸ್ ಕಂಪ್ಯೂಟರ್ ತಂದವರ ಸಿಪಿಯುನಲ್ಲಿ ಎಚ್‌ಡಿಎಂಐ ಬದಲು ಡಿಸ್‌ಪ್ಲೇಪೋರ್ಟ್ ಇರೋದೂ ಉಂಟು. ಒಂದು ಮೂಲೆ ಮಾತ್ರ ಕತ್ತರಿಸಿದಂತಿದ್ದರೆ ಅದೇ ಅದು. ಅದಕ್ಕೆ 'ಡಿಸ್‌ಪ್ಲೇಪೋರ್ಟ್ ಟು ಎಚ್‌ಡಿಎಂಐ' ಕೇಬಲ್ ಸಾಕು. ಇದೆಲ್ಲ ನೆನಪಿಡುವ ಗೋಜೇ ಬೇಡ. ಸಿಪಿಯು ಹಿಂಭಾಗದ ಫೋಟೋ ಮೊಬೈಲ್‌ನಲ್ಲಿ ತೆಗೆದುಕೊಂಡು ಹೋಗಿ ಅಂಗಡಿಯವರಿಗೆ ತೋರಿಸಿ.

ವಿಜಿಎ, ಎಚ್‌ಡಿಎಂಐ ಎರಡೂ ಇರುವ ಮಾನಿಟರ್ ಸಿಕ್ಕರೆ ಅದೇ ಒಳ್ಳೇದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಹಳೇ ಸಿಪಿಯು ಇವತ್ತಲ್ಲ ನಾಳೆ ಬದಲಾಗುತ್ತದೆ. ಆಗ ಮಾನಿಟರ್ ಹೊಸ ಸಿಪಿಯುಗೂ ಕೂರಬೇಕಲ್ಲ.

ಎಷ್ಟು ಇಂಚು, ಎಂಥದ್ದು?

ಬರೀ ಬಿಲ್ ಹೊಡೆಯೋಕೆ 18.5 ಅಥವಾ 19 ಇಂಚಿನದು ಸಾಕು. ಒಳ್ಳೇ ಕಂಪನಿಯದು ಸುಮಾರು 4ರಿಂದ 5 ಸಾವಿರದಿಂದ ಶುರು. ಆದರೆ ಇವುಗಳಲ್ಲಿ ಹೆಚ್ಚಿನವು 1366×768 ಲೆಕ್ಕದವು. ಎಕ್ಸೆಲ್ ಶೀಟ್, ಅಗಲವಾದ ಅರ್ಜಿ ಫಾರ್ಮ್ ತೆರೆದರೆ ಅಕ್ಕಪಕ್ಕಕ್ಕೆ ಎಳೆದಾಡಬೇಕು. ದಿನವಿಡೀ ಅರ್ಜಿ ತುಂಬುವವರು ಒಂದೆರಡು ಸಾವಿರ ಜಾಸ್ತಿ ಹಾಕಿ 22 ಇಂಚಿನ ಫುಲ್ ಎಚ್‌ಡಿ, ಅಂದರೆ 1920×1080 ತಗೊಳ್ಳೋದು ಮೇಲು. ವಯಸ್ಸು ನಲವತ್ತೈದು ದಾಟಿ ಕನ್ನಡಕ ಬಂದವರಿಗೆ 24 ಇಂಚು ಹಿತ, ಯಾಕಂದರೆ ಅದೇ ಫುಲ್ ಎಚ್‌ಡಿಯಲ್ಲಿ ಅಕ್ಷರ ದೊಡ್ಡದಾಗಿ ಕಾಣುತ್ತೆ. 27 ಇಂಚಿಗೆ ಹೋದರೆ ಹತ್ತಿರ ಕೂತವರಿಗೆ ಅಕ್ಷರದ ಅಂಚು ಒರಟು.

ಬಾಕ್ಸ್ ಮೇಲೆ 'ಐಪಿಎಸ್' ಅಂತ ಇದೆಯಾ ನೋಡಿ. ಅಗ್ಗದ ಟಿಎನ್ ಪ್ಯಾನಲ್‌ನಲ್ಲಿ ಪಕ್ಕದಿಂದ ಬಣ್ಣ ಬದಲಾಗಿ ಮಂಕಾಗುತ್ತದೆ. ಜಾತಿ-ಆದಾಯ ಪ್ರಮಾಣಪತ್ರದ ಅರ್ಜಿಯಲ್ಲಿ ಹೆಸರು ಸರಿ ಇದೆಯಾ ಅಂತ ಕೌಂಟರ್ ಆಚೆ ನಿಂತ ಗ್ರಾಹಕರಿಗೆ ತೋರಿಸುವ ಅಂಗಡಿಗೆ ಇದು ಮುಖ್ಯ. ಒಂದಕ್ಷರ ತಪ್ಪಿದರೆ ಓಡಾಡೋರು ಅವರೇ ತಾನೆ! 100 ಹರ್ಟ್ಸ್, 144 ಹರ್ಟ್ಸ್, ಗೇಮಿಂಗ್ ಅಂತ ಹೇಳಿ ದುಡ್ಡು ಜಾಸ್ತಿ ಕೇಳಿದರೆ ಅಂಗಡಿ ಕೆಲಸಕ್ಕೆ ಬೇಡವೇ ಬೇಡ.

ಮನೆಯಲ್ಲಿರುವ 32 ಇಂಚಿನ ಟಿವಿಯನ್ನೇ ಹಾಕೋಣ ಅನ್ನುವವರಿದ್ದಾರೆ. ಸಿಸಿಟಿವಿ ನೋಡೋಕೆ ಪರವಾಗಿಲ್ಲ. 'ಎಚ್‌ಡಿ ರೆಡಿ' ಟಿವಿ ಮುಂದೆ ಎರಡಡಿ ದೂರದಲ್ಲಿ ಕೂತು ಕನ್ನಡ ಟೈಪ್ ಮಾಡಿದರೆ ಒತ್ತಕ್ಷರ ಓದೋಕೆ ಕಣ್ಣು ಕಿರಿದು ಮಾಡಬೇಕಾಗುತ್ತೆ.

ಬಿಲ್ ಬಿಡಬೇಡಿ

ಹಲವು ಕಂಪನಿಗಳು ಮಾನಿಟರ್‌ಗೆ 3 ವರ್ಷ ವಾರಂಟಿ ಕೊಡುತ್ತವೆ. ಕೇಳಬೇಕಾದ ಪ್ರಶ್ನೆ: ಮನೆಬಾಗಿಲಿಗೆ ಬರುತ್ತಾರಾ, ನಾವೇ ಹೊತ್ತೊಯ್ಯಬೇಕಾ? ಬರೋದಾದರೆ ನಮ್ಮ ಪಿನ್‌ಕೋಡ್‌ಗೂ ಬರುತ್ತಾರಾ? ಆನ್‌ಲೈನ್‌ನಲ್ಲಿ ಐನೂರು ಉಳಿಸಿ, ಆಮೇಲೆ ಬೆಂಗಳೂರಿಗೆ ಕೊರಿಯರ್ ಮಾಡೋದಾದರೆ ಏನು ಲಾಭ? ಒಂದೆರಡು ಸತ್ತ ಚುಕ್ಕೆಗಳಿಗೆ ವಾರಂಟಿ ಸಿಗದ ಷರತ್ತೂ ಹಲವು ಕಡೆ ಇರೋದರಿಂದ ಅಂಗಡಿಯಲ್ಲೇ ಹಾಕಿಸಿ, ಪೂರ್ತಿ ಬಿಳಿ, ಪೂರ್ತಿ ಕಪ್ಪು ಪರದೆ ನೋಡಿ ತನ್ನಿ.

ಮಾನಿಟರ್‌ಗೆ ಜಿಎಸ್‌ಟಿ 18%. 6,000 ರೂ. ಬೆಲೆಯದಕ್ಕೆ 1,080 ರೂ. ತೆರಿಗೆ. ನಿಮ್ಮ ಅಂಗಡಿ ಜಿಎಸ್‌ಟಿಯ ರೆಗ್ಯುಲರ್ ಸ್ಕೀಮಿನಲ್ಲಿದ್ದರೆ ನಿಮ್ಮ ನಂಬರ್ ಹಾಕಿಸಿ ಬಿಲ್ ಪಡೆಯಿರಿ, ಆ 1,080 ಇನ್‌ಪುಟ್ ಕ್ರೆಡಿಟ್ ಆಗಿ ಸಿಗುತ್ತದೆ. ಕಾಂಪೊಸಿಷನ್‌ನವರಿಗೆ ಈ ಅನುಕೂಲ ಇಲ್ಲ. ವಾರಂಟಿ ಕೊಡದೆ ಸತಾಯಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅಲ್ಲೂ ಮೊದಲು ಬೇಕಾಗೋದು ಬಿಲ್ಲೇ.

ಬಜೆಟ್ ಎರಡು ಸಾವಿರದ ಒಳಗೇ ಅಂದರೆ ಕಂಪನಿಗಳು ತೆಗೆದುಹಾಕಿದ ಸೆಕೆಂಡ್‌ಹ್ಯಾಂಡ್ ಉಳಿಯುತ್ತದೆ. ಎಲ್‌ಇಡಿ ಬ್ಯಾಕ್‌ಲೈಟ್‌ನದೇ ಕೇಳಿ. ತೀರಾ ಹಳೇ ಎಲ್‌ಸಿಡಿಗಳಲ್ಲಿ ಸಣ್ಣ ಟ್ಯೂಬ್ ಇರುತ್ತೆ, ವಯಸ್ಸಾದಂತೆ ಪರದೆ ಹಳದಿ ಅಥವಾ ಕೆಂಪಗಾಗುತ್ತೆ. ಅರ್ಧ ಗಂಟೆ ಉರಿಸಿ ನೋಡದೆ ದುಡ್ಡು ಕೊಡಬೇಡಿ.

ತಂದ ಮೇಲೆ ಮಾನಿಟರ್ ಪ್ಲಗ್ ಯುಪಿಎಸ್‌ಗೇ ಹಾಕಿ. 22 ಇಂಚಿನ ಎಲ್‌ಇಡಿ ಎಳೆಯೋದು ಸುಮಾರು 20 ವ್ಯಾಟ್, ದಿನಕ್ಕೆ 10 ಗಂಟೆ ಉರಿದರೂ ತಿಂಗಳಿಗೆ 6 ಯೂನಿಟ್. ಲೇಸರ್ ಪ್ರಿಂಟರ್ ಮಾತ್ರ ಯುಪಿಎಸ್‌ಗೆ ಬೇಡ. ಮೂಲೆಯಲ್ಲಿ ಹಳೇ ಡಬ್ಬಾ ಮಾನಿಟರ್ ಇದ್ದರೆ ಒಡೆಯೋದು, ಸುಡೋದು ಮಾಡಬೇಡಿ, ಅದರ ಗಾಜಿನಲ್ಲಿ ಸೀಸ ಇರುತ್ತೆ. ಹೊಸದು ಕೊಳ್ಳುವ ಅಂಗಡಿಯಲ್ಲೇ ಎಕ್ಸ್‌ಚೇಂಜ್ ಅಥವಾ ಇ-ತ್ಯಾಜ್ಯಕ್ಕೆ ತಗೋತಾರಾ ಅಂತ ಕೇಳಿ.