ದುಡ್ಡು ಕೊಟ್ಟು ದುರ್ಯೋಧನ

ಪಾರ್ಟು ಮಾಡಿದವನಿಗೆ ಸಂಭಾವನೆ, ನೋಡುವವನಿಗೆ ಟಿಕೆಟ್ಟು. ನಾಟಕವೆಂದರೆ ಇದೇ ಲೆಕ್ಕ ಎಂದು ನಂಬಿದವರು ಒಮ್ಮೆ ಮಂಡ್ಯ, ತುಮಕೂರು, ಹಾಸನ, ರಾಮನಗರದ ಕಡೆಯ ಹಳ್ಳಿಗಳಿಗೆ ಹೋಗಿ ಬರಬೇಕು. ಅಲ್ಲಿ ದುಡ್ಡು ಬಿಚ್ಚುವವನು ದುರ್ಯೋಧನ. ನೋಡುವವರಿಗೆ ಪುಕ್ಕಟೆ, ಎಷ್ಟೋ ಊರುಗಳಲ್ಲಿ ಊಟವೂ ಉಂಟು. ಸುಗ್ಗಿ ಮುಗಿದ ಮೇಲೆ ಮಳೆ ಹಿಡಿಯುವ ತನಕ, ಊರಹಬ್ಬ, ಜಾತ್ರೆಗಳ ನೆಪದಲ್ಲಿ ‘ಕುರುಕ್ಷೇತ್ರ’ ನಾಟಕ ಕಟ್ಟುವ ಈ ಗೀಳು ಟೀವಿ ಬಂದರೂ, ಮೊಬೈಲು ಬಂದರೂ ಕರಗಿಲ್ಲ.

ಮೊದಲು ಆಗಬೇಕಾದದ್ದು ಪಾರ್ಟು ಹಂಚಿಕೆ. ರಾಮಮಂದಿರದಲ್ಲೋ ಸ್ಕೂಲಿನ ಜಗಲಿಯಲ್ಲೋ ಊರಿನ ಯುವಕರು, ಜೊತೆಗೆ ಇನ್ನೂ ಯುವಕರೆನ್ನಿಸಿಕೊಳ್ಳುವ ಐವತ್ತರ ಆಸುಪಾಸಿನವರು ಸೇರುತ್ತಾರೆ. ಒಟ್ಟು ಖರ್ಚನ್ನು ಅಂದಾಜು ಮಾಡಿ ಪಾತ್ರಕ್ಕೆ ಇಷ್ಟೆಂದು ಕಟ್ಟುತ್ತಾರೆ. ದುರ್ಯೋಧನನದು ಎಲ್ಲಕ್ಕಿಂತ ಮೇಲೆ, ಹತ್ತಾರು ಸಾವಿರ ರೂಪಾಯಿ. ಹಾಡು ಹೆಚ್ಚು ಅವನಿಗೇ, ದರ್ಬಾರ್ ಸೀನು ಅವನದು, ಕಡೆಗೆ ತೊಡೆ ಮುರಿದು ಬಿದ್ದು ಜನರನ್ನು ಅಳಿಸುವ ಅವಕಾಶವೂ ಅವನದೇ. ಯುದ್ಧ ಗೆದ್ದ ಪಾಂಡವರು ರೇಟಿನಲ್ಲಿ ಸೋತವರೇ. ಕೃಷ್ಣ, ಭೀಮ, ಕರ್ಣ, ಶಕುನಿ ಆಮೇಲಿನ ಸಾಲು. ವಿದುರ, ಸಾತ್ಯಕಿ ಬಡವರ ಕೈಗೂ ಎಟುಕುತ್ತಾರೆ. ಒಬ್ಬನಿಂದ ಅಷ್ಟು ಹಣ ಹೊಂದಿಸಲಾಗದಿದ್ದರೆ ಒಂದು ಪಾರ್ಟನ್ನು ಇಬ್ಬರು ಮೂವರು ಹಂಚಿಕೊಳ್ಳುವುದೂ ಇದೆ. ಹೀಗಾಗಿ ಸಂಧಾನಕ್ಕೆ ಹೋದ ಕೃಷ್ಣ ಸಣಕಲ, ರಥ ಹೊಡೆಯಲು ಬಂದ ಕೃಷ್ಣನಿಗೆ ಡೊಳ್ಳುಹೊಟ್ಟೆ. ಯಾರೂ ತಕರಾರು ತೆಗೆಯುವುದಿಲ್ಲ. ನೀಲಿ ಬಣ್ಣ, ನವಿಲುಗರಿ ಇದ್ದರೆ ಕೃಷ್ಣನೇ ಸರಿ.

ಈ ಪದ್ಧತಿಯಲ್ಲಿ ಒಂದು ಅನ್ಯಾಯವೂ ಇದೆ. ಕಂಠವಿದ್ದು ಕಾಸಿಲ್ಲದವನು ಬಾಗಿಲು ಕಾಯುವ ಭಟನಾಗಿ ನಿಲ್ಲುತ್ತಾನೆ. ಕಾಸಿದ್ದು ಕಂಠವಿಲ್ಲದವನು ಸಿಂಹಾಸನದ ಮೇಲೆ ಕೂರುತ್ತಾನೆ. ಅವನ ಗಂಟಲಿನಿಂದ ಹೇಗಾದರೂ ಒಂದು ಕಂದಪದ್ಯ ಹೊರಡಿಸುವ ಹೊಣೆ ಮಾತ್ರ ಬೇರೊಬ್ಬರದು. ಅವರೇ ಡ್ರಾಮಾ ಮೇಷ್ಟ್ರು.

ಮೇಷ್ಟ್ರ ಆಸ್ತಿ ಎಂದರೆ ಒಂದು ಹಾರ್ಮೋನಿಯಂ ಮತ್ತು ಬೈಂಡು ಬಿಚ್ಚಿದ ಒಂದು ನೋಟ್‌ಬುಕ್ಕು. ಅಚ್ಚಾದ ನಾಟಕದ ಪುಸ್ತಕ ಅಂಗಡಿಯಲ್ಲಿ ಸಿಕ್ಕರೂ ಮೇಷ್ಟ್ರ ನೋಟ್‌ಬುಕ್ಕಿನ ‘ಕುರುಕ್ಷೇತ್ರ’ವೇ ಬೇರೆ. ತಮ್ಮ ಗುರುಗಳಿಂದ ಕಲಿತ ಹಾಡು, ತಾವೇ ಸೇರಿಸಿದ ಸಂಭಾಷಣೆ, ಎಲ್ಲಿಂದಲೋ ತಂದು ಕೂರಿಸಿದ ಮಟ್ಟು, ಎಲ್ಲ ಅದರಲ್ಲಿ ಇರುತ್ತವೆ. ಭೀಮ್‌ಪಲಾಸ್, ಕಾಪಿ, ಮೋಹನ, ಕಲ್ಯಾಣಿಗಳ ಪಕ್ಕದಲ್ಲೇ ಹಳೆಯ ಸಿನಿಮಾದ ಧಾಟಿಯೂ ಸಂಕೋಚವಿಲ್ಲದೆ ಕೂತಿರುತ್ತದೆ. ಹಗಲೆಲ್ಲ ಕಬ್ಬು ಕಡಿದವನಿಗೆ, ಆಟೋ ಓಡಿಸಿದವನಿಗೆ ರಾತ್ರಿ ಎಂಟರ ಮೇಲೆ ಸರಿಗಮದ ಹೆಸರೂ ಹೇಳದೆ ರಾಗ ಕಲಿಸುವುದು ಸಾಮಾನ್ಯ ವಿದ್ಯೆಯಲ್ಲ. ಮೇಷ್ಟ್ರು ಒಂದು ಸಾಲು ಹಾಡುತ್ತಾರೆ, ಶಿಷ್ಯ ಹಿಂದೆಯೇ ಹಾಡುತ್ತಾನೆ. ಹಾದಿ ತಪ್ಪಿದರೆ ಹಾರ್ಮೋನಿಯಂ ನಿಲ್ಲುತ್ತದೆ. ‘ಏನಪ್ಪಾ ಭೀಮಾ, ಶ್ರುತಿ ಇಲ್ಲೇ ಬಿಟ್ಟು ನೀನೊಬ್ಬನೇ ಎಲ್ಲಿಗೆ ಹೊರಟೆ?’ ಮೂರು ನಾಲ್ಕು ತಿಂಗಳ ಪ್ರಾಕ್ಟೀಸಿನಲ್ಲಿ ಹೀಗೆ ಕರೆಸಿಕೊಂಡವನಿಗೆ ನಾಟಕ ಮುಗಿದರೂ ಊರಲ್ಲಿ ಅದೇ ಹೆಸರು ಅಂಟಿಬಿಡುತ್ತದೆ. ಜಾಣ ಮೇಷ್ಟ್ರಿಗೆ ಯಾರ ಗಂಟಲು ಎಷ್ಟು ಎಳೆಯುತ್ತದೆಂಬುದು ಗೊತ್ತು. ಎಟುಕದ ಜಾಗದಲ್ಲಿ ತಾವೇ ಹಾರ್ಮೋನಿಯಂ ಜೋರು ಮಾಡಿ ದುರ್ಯೋಧನನ ಮರ್ಯಾದೆ ಉಳಿಸುತ್ತಾರೆ.

ಈ ಮೇಷ್ಟ್ರುಗಳ ಮೂಲ ಹುಡುಕಿದರೆ ಕಂಪನಿ ನಾಟಕದ ಬಾಗಿಲಿಗೆ ಹೋಗಿ ನಿಲ್ಲುತ್ತೇವೆ. 1884ರಲ್ಲಿ ಶುರುವಾದ ಗುಬ್ಬಿ ಕಂಪನಿ, ವೀರಣ್ಣನವರ ಕಾಲದಲ್ಲಿ, 1930ರ ದಶಕದಲ್ಲಿ ಬಿ. ಪುಟ್ಟಸ್ವಾಮಯ್ಯನವರ ‘ಕುರುಕ್ಷೇತ್ರ’ವನ್ನು ಆನೆ, ಕುದುರೆಗಳನ್ನೇ ರಂಗಕ್ಕೆ ತಂದು ಆಡಿತು. ಅದನ್ನು ಕಂಡವರ ಬಾಯಿಂದ ಬಾಯಿಗೆ ಆ ವೈಭವ ಹಳ್ಳಿ ಮುಟ್ಟಿತು. ಅದೇ ದಶಕದಲ್ಲಿ, 1934ರಲ್ಲಿ, ‘ಸತಿ ಸುಲೋಚನ’ದೊಂದಿಗೆ ಕನ್ನಡದ ಟಾಕಿಯೂ ಬಂತು. ಮುಂದೆ ಒಂದೊಂದೇ ಕಂಪನಿ ಡೇರೆ ಕಿತ್ತಾಗ ನಟರಲ್ಲಿ ಕೆಲವರು ಸಿನಿಮಾ ಸೇರಿದರು. ಹಾರ್ಮೋನಿಯಂ ನುಡಿಸುತ್ತಿದ್ದವರಲ್ಲಿ, ಸಣ್ಣಪುಟ್ಟ ಪಾರ್ಟು ಮಾಡುತ್ತಿದ್ದವರಲ್ಲಿ ಅನೇಕರು ಹಳ್ಳಿಗಳಿಗೆ ಹೋಗಿ ನಾಟಕ ಕಲಿಸತೊಡಗಿದರು. ಮುಚ್ಚಿದ ಕಂಪನಿಗಳ ಹಾಡುಗಾರಿಕೆ ಉಳಿದದ್ದು ಇವರಿಂದ. ಈಗಿನ ಮೇಷ್ಟ್ರುಗಳಲ್ಲಿ ಬಹುಪಾಲು ಅವರ ಶಿಷ್ಯರು, ಶಿಷ್ಯರ ಶಿಷ್ಯರು.

ನಾಟಕದ ದಿನ ಮಧ್ಯಾಹ್ನದ ಹೊತ್ತಿಗೆ ಸೀನರಿ ಹೊತ್ತ ಲಾರಿ ಊರಿಗೆ ಬರುತ್ತದೆ. ಅರಮನೆ, ಕಾಡು, ಬೀದಿ, ದರ್ಬಾರು ಎಲ್ಲ ಬಾಡಿಗೆಗೆ. ಕಿರೀಟ, ಭುಜಕೀರ್ತಿ, ಗದೆ, ಬಿಲ್ಲು, ಮೇಕಪ್ಪಿನವರು, ಮೈಕು, ಲೈಟು ಇವೆಲ್ಲ ಅದರ ಹಿಂದೆಯೇ. ತಬಲಾದವರು, ಕೀಬೋರ್ಡಿನವರು ಸಂಜೆಗೆ ಇಳಿಯುತ್ತಾರೆ.

ಕಟ್ಟಕಡೆಗೆ ಬರುವವರು ದ್ರೌಪದಿ, ಕುಂತಿ, ಉತ್ತರೆ. ಹೆಣ್ಣು ಪಾತ್ರಗಳನ್ನು ಊರಿನ ಹೆಂಗಸರು ಮಾಡುವುದು ಅಪರೂಪ. ವೃತ್ತಿ ಕಲಾವಿದೆಯರನ್ನು ಒಂದು ರಾತ್ರಿಯ ಮಟ್ಟಿಗೆ ಬುಕ್ ಮಾಡಿ ಕರೆಸುತ್ತಾರೆ. ಪ್ರಾಕ್ಟೀಸಿನಲ್ಲಿ ಅಭಿಮನ್ಯು ತಿಂಗಳುಗಟ್ಟಲೆ ಬರೀ ಗೋಡೆಯನ್ನೋ ಮೇಷ್ಟ್ರನ್ನೋ ಉತ್ತರೆ ಅಂದುಕೊಂಡು ಡ್ಯುಯೆಟ್ ಹಾಡಿರುತ್ತಾನೆ. ನಿಜವಾದ ಉತ್ತರೆಯನ್ನು ಅವನು ನೋಡುವುದು ಬಣ್ಣ ಹಚ್ಚಿಕೊಂಡ ಮೇಲೆ. ಆಕೆಯಾದರೋ ನಿನ್ನೆ ಇನ್ನೊಂದು ಊರಿನಲ್ಲಿ ಇನ್ನೊಬ್ಬ ಅಭಿಮನ್ಯುವನ್ನು ಯುದ್ಧಕ್ಕೆ ಬೀಳ್ಕೊಟ್ಟು, ಬಸ್ಸಿನಲ್ಲಿ ನಿದ್ದೆ ಮಾಡಿ ಬಂದವಳು. ಎದುರಿನವನು ಮಾತು ಮರೆತರೆ ತನ್ನ ಮಾತಿನೊಳಗೇ ಅವನ ಮಾತನ್ನು ಸೇರಿಸಿ ಕೊಡುತ್ತಾಳೆ, ಹಾಡಿನ ಎತ್ತುಗಡೆ ತಪ್ಪಿದರೆ ಕಣ್ಣಲ್ಲೇ ತೋರಿಸುತ್ತಾಳೆ. ಹವ್ಯಾಸಿಗಳ ನಾಟಕ ದಡ ಸೇರುವುದು ಈ ವೃತ್ತಿಯವರ ಹೆಗಲ ಮೇಲೆ. ಆದರೆ ಊರಬಾಗಿಲಿನ ಫ್ಲೆಕ್ಸಿನಲ್ಲಿ ದುರ್ಯೋಧನನ ಮುಖ ಆಳೆತ್ತರ, ಇವರದು ಮೂಲೆಯಲ್ಲಿ ಸ್ಟಾಂಪ್ ಸೈಜು. ನನಗೆ ಈ ವ್ಯವಹಾರದಲ್ಲಿ ಸರಿಕಾಣದ ಸಂಗತಿ ಇದೊಂದು. ಇನ್ನೊಂದು, ನಡುರಾತ್ರಿ ನಾಟಕ ನಿಲ್ಲಿಸಿ ಮುಖಂಡರಿಗೆ ಶಾಲು ಹೊದಿಸಿ ಭಾಷಣ ಮಾಡಿಸುವುದು. ಪಾಪ, ದುಶ್ಶಾಸನ ಸೆರಗಿಗೆ ಕೈ ಹಾಕುವ ಹೊತ್ತಿಗೇ ಎಂಎಲ್‌ಎ ಬಂದರೆ ಅವನಾದರೂ ಏನು ಮಾಡಿಯಾನು?

ನಾಟಕ ಶುರುವಾಗುವುದು ಪಾತ್ರಧಾರಿಗಳೆಲ್ಲ ಸಾಲಾಗಿ ನಿಂತು ಹಾಡುವ ಪ್ರಾರ್ಥನೆಯಿಂದ, ಮುಗಿಯುವುದು ಬೆಳಗಿನ ಜಾವದ ಗದಾಯುದ್ಧಕ್ಕೆ. ನಡುವೆ ಒನ್ಸ್ ಮೋರ್ ಎಂದು ಕೂಗು ಬಿದ್ದರೆ ಸತ್ತ ಕರ್ಣನೂ ಎದ್ದು ಹಾಡಬೇಕು. ಹೆಂಡತಿಯ ತವರಿನವರು, ಭಾವಮೈದುನರು ಮೆಟ್ಟಿಲು ಹತ್ತಿ ಬಂದು ನೋಟಿನ ಹಾರ ಹಾಕುತ್ತಾರೆ. ಶಕುನಿಯೊಡನೆ ಪಿತೂರಿ ನಡೆಸುತ್ತಿದ್ದ ದುರ್ಯೋಧನ ಪಿತೂರಿ ನಿಲ್ಲಿಸಿ, ಕೈಮುಗಿದು, ಫೋಟೋಗೆ ನಿಂತು, ಮತ್ತೆ ಪಿತೂರಿಗೆ ಮರಳುತ್ತಾನೆ. ರಸಭಂಗವೆಂದು ಪೇಟೆಯ ವಿಮರ್ಶಕ ಹಣೆ ಚಚ್ಚಿಕೊಳ್ಳಬಹುದು. ಊರಿನವರು ಮಾತ್ರ ಕೌರವನನ್ನೂ ತಮ್ಮ ಭಾವನನ್ನೂ ಒಂದೇ ಮುಖದಲ್ಲಿ ನೋಡಲೆಂದೇ ಚಾಪೆ ಹಿಡಿದು ಬಂದವರು.

‘ಹವ್ಯಾಸಿ ರಂಗಭೂಮಿ’ ಅಂದಾಗ ನಮ್ಮ ಬರಹಗಳಲ್ಲಿ ಬರುವ ಹೆಸರುಗಳು ಬೇರೆ. 1909ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಅಮೆಚೂರ್ ಡ್ರಮ್ಯಾಟಿಕ್ ಅಸೋಸಿಯೇಷನ್, ಕೈಲಾಸಂ, 1972ರಲ್ಲಿ ಬಿ.ವಿ. ಕಾರಂತರು ಬಯಲಲ್ಲಿ ಆಡಿಸಿದ ‘ಜೋಕುಮಾರಸ್ವಾಮಿ’, ‘ಸಂಕ್ರಾಂತಿ’, ‘ಈಡಿಪಸ್’, ಹೆಗ್ಗೋಡಿನ ನೀನಾಸಮ್. ಇವುಗಳ ಹಿರಿಮೆಯನ್ನು ಯಾರೂ ಅಲ್ಲಗಳೆಯಲಾರರು. ಆದರೆ ಹವ್ಯಾಸವೆಂದರೆ ಕೈಯಿಂದ ಕಳೆದುಕೊಂಡು ಮಾಡುವ ಕೆಲಸ ಎಂದಾದರೆ, ಹಸು ಮಾರಿ ಭೀಮನಾದವನಿಗಿಂತ ದೊಡ್ಡ ಹವ್ಯಾಸಿ ಯಾರು? ಅವನ ಅಭಿನಯ ಒರಟು, ಹಾಡು ದೀರ್ಘ, ನಾಟಕ ಅದೇ ಹಳೆಯದು. ಎಲ್ಲ ನಿಜ. ಅಷ್ಟಾಗಿಯೂ ಅವನ ಲೆಕ್ಕವನ್ನು ಯಾರೂ ಇಟ್ಟಿಲ್ಲ.

ನೋಡಬೇಕೆನ್ನಿಸಿದ ಬೆಂಗಳೂರಿಗರು ಹಳ್ಳಿಗೇ ಹೋಗಬೇಕಾಗಿಲ್ಲ. ಊರು ಬಿಟ್ಟು ಬಂದವರು, ಸಾರಿಗೆ ನೌಕರರು, ಗಾರ್ಮೆಂಟ್ಸಿನವರು, ಪೊಲೀಸರು ಕಟ್ಟುವ ‘ಕುರುಕ್ಷೇತ್ರ’ ರವೀಂದ್ರ ಕಲಾಕ್ಷೇತ್ರದಲ್ಲೇ ನಡೆಯುತ್ತದೆ. ಇಲ್ಲಿ ಬೆಳಿಗ್ಗೆ ಶುರುವಾಗಿ ರಾತ್ರಿಗೆ ಮುಗಿಯುತ್ತದೆ. ಕಲಾಕ್ಷೇತ್ರದ ಗೇಟಿನ ಬಳಿ ಗದೆ ಹಿಡಿದವರ ಫ್ಲೆಕ್ಸು ಕಂಡರೆ ಸೀದಾ ಒಳಗೆ ಹೋಗಬಹುದು, ಟಿಕೆಟ್ ಕೇಳುವವರಿಲ್ಲ. ಪೂರ್ತಿ ಕೂರಲು ಪುರುಸೊತ್ತಿಲ್ಲದವರು ಮಧ್ಯಾಹ್ನದ ಊಟದ ಮೇಲೆ ಹೋಗಲಿ. ಅಷ್ಟು ಹೊತ್ತಿಗೆ ಗಂಟಲುಗಳು ಬಿಸಿಯಾಗಿರುತ್ತವೆ, ಸನ್ಮಾನಗಳೂ ಸಾಮಾನ್ಯವಾಗಿ ಮುಗಿದಿರುತ್ತವೆ.